ಹೆಸರು ಕೊಂಡು ಹಣ ಮಾಡ್ತೀರಾ? ಮೊದಲು ಲೆಕ್ಕ ನೋಡಿ ಸ್ವಾಮಿ!

ಸೈಟು ಕೊಂಡು ಕೈ ಸುಟ್ಟುಕೊಂಡವರನ್ನು ನಮ್ಮ ಜಿಲ್ಲೆ ಕಂಡಿದೆ. ಚೀಟಿ ಕಟ್ಟಿ ಕೆಟ್ಟವರನ್ನೂ ಕಂಡಿದೆ. ತೇಗದ ಗಿಡದ ಮೇಲೆ ದುಡ್ಡು ಹಾಕಿದರೆ ಇಪ್ಪತ್ತು ವರ್ಷಕ್ಕೆ ಲಕ್ಷಾಧೀಶ ಅಂತ ಬಣ್ಣದ ಪುಸ್ತಕ ಹಂಚಿ ಹೋದವರ ಕಥೆ ಹಳಬರಿಗೆ ಮರೆತಿಲ್ಲ. ಈಗ ಪೇಟೆಗೆ ಬಂದಿರುವ ಸರಕೇ ಬೇರೆ. ಅದನ್ನು ಮುಟ್ಟುವ ಹಾಗಿಲ್ಲ, ತಕ್ಕಡಿಗೆ ಹಾಕುವ ಹಾಗಿಲ್ಲ, ಗೋಡೌನಿನಲ್ಲಿ ಪೇರಿಸುವ ಹಾಗಿಲ್ಲ. ಅದು ಬರೀ ಹೆಸರು!

ಇದಕ್ಕೆ ಡೊಮೇನ್ ಅಂತಾರೆ. ಇಂಟರ್‌ನೆಟ್ಟಿನಲ್ಲಿ ನಿಮ್ಮ ಅಂಗಡಿಯ ವಿಳಾಸ ಅದು. ಹಿಂದೆ ಒಂದು ಪದ, ಮುಂದೆ ಡಾಟ್ ಕಾಂ ಅಥವಾ ಡಾಟ್ ಇನ್. ವರ್ಷಕ್ಕೆ ಸಾವಿರ ರೂಪಾಯಿ ಆಚೀಚೆ ಕಟ್ಟಿದರೆ ಯಾರು ಬೇಕಾದರೂ ಹೆಸರು ಹಿಡಿಯಬಹುದು. ಒಬ್ಬರು ಹಿಡಿದ ಹೆಸರನ್ನು ಇನ್ನೊಬ್ಬರು ಹಿಡಿಯುವ ಹಾಗಿಲ್ಲ. ಇಷ್ಟೇ ನಿಯಮ. ಈ ನಿಯಮದ ಮೇಲೇ ಒಂದು ದೊಡ್ಡ ಸಟ್ಟಾ ವ್ಯಾಪಾರ ನಡೆಯುತ್ತಿದೆ ಎಂದರೆ ನಂಬುತ್ತೀರಾ? ಸಾವಿರಕ್ಕೆ ಕೊಂಡ ಹೆಸರು ಕೋಟಿಗೆ ಹೋಯಿತು ಎಂಬ ವಿಡಿಯೋವನ್ನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡುವ ಹುಡುಗರಿಗೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನೋಡುವ ಯಜಮಾನರಿಗೆ ಬಾಯಲ್ಲಿ ನೀರೂರುವುದು ಸಹಜ. ಆದರೆ ಗೆದ್ದ ಎತ್ತಿಗೆ ಹಾರ ಹಾಕಿದ್ದನ್ನು ಎಲ್ಲರೂ ನೋಡ್ತಾರೆ, ಸೋತ ಎತ್ತುಗಳ ಲೆಕ್ಕ ಇಟ್ಟವರು ಯಾರು?

ಮೊದಲು ಪುಕ್ಕಟೆ ಇತ್ತು!

ಕಥೆ ಶುರುವಾಗುವುದು ಅಮೆರಿಕದಲ್ಲಿ. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿ ತನ್ನ ಹೆಸರಿಗೆ ಡಾಟ್ ಕಾಂ ಸೇರಿಸಿ ನೋಂದಾಯಿಸಿತು. ಜಗತ್ತಿನ ಮೊಟ್ಟಮೊದಲ ಡಾಟ್ ಕಾಂ ಅದೇ. ಆಗ ಹೆಸರಿಗೆ ಕಾಸು ಕೊಡಬೇಕಾಗಿರಲಿಲ್ಲ. ಕೇಳಿದವರಿಗೆ ಸಿಗುತ್ತಿತ್ತು, ಆದರೆ ಕೇಳುವವರೇ ಇರಲಿಲ್ಲ.

1994ರಲ್ಲಿ ಜೋಶುವಾ ಕ್ವಿಟ್ನರ್ ಎಂಬ ಅಮೆರಿಕನ್ ಪತ್ರಕರ್ತನಿಗೆ ಒಂದು ತಮಾಷೆ ಹೊಳೆಯಿತು. ದೊಡ್ಡ ದೊಡ್ಡ ಕಂಪನಿಗಳು ತಮ್ಮ ಹೆಸರನ್ನೇ ಹಿಡಿದಿಟ್ಟುಕೊಂಡಿಲ್ಲವಲ್ಲ! ಮೆಕ್‌ಡೊನಾಲ್ಡ್ಸ್ ಎಂಬ ಬನ್ನು ಮಾರುವ ಭಾರಿ ಕಂಪನಿಗೆ ಫೋನ್ ಮಾಡಿ ನಿಮ್ಮ ಹೆಸರು ಖಾಲಿ ಬಿದ್ದಿದೆ, ಬೇಕಾ ಅಂತ ಕೇಳಿದ. ಅಲ್ಲಿ ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಕ್ವಿಟ್ನರ್ ತಾನೇ ಹೆಸರು ಹಿಡಿದ, ವೈರ್ಡ್ ಪತ್ರಿಕೆಯಲ್ಲಿ ಬರೆದ. ಆಮೇಲೆ ಕಂಪನಿ ಎಚ್ಚೆತ್ತಿತು. ನ್ಯೂಯಾರ್ಕಿನ ಒಂದು ಸರ್ಕಾರಿ ಶಾಲೆಗೆ ಕಂಪ್ಯೂಟರ್ ಸೌಕರ್ಯಕ್ಕೆಂದು 3,500 ಡಾಲರ್ ಕೊಡಿ ಅಂದ. ಕೊಟ್ಟರು, ಹೆಸರು ಬಿಟ್ಟುಕೊಟ್ಟ. ಒಬ್ಬ ಪತ್ರಕರ್ತನ ತಮಾಷೆಯಿಂದ ಬಡ ಮಕ್ಕಳಿಗೆ ಲಾಭವಾಯಿತು. ಎಲ್ಲರೂ ಅಷ್ಟು ಸಾಧುಗಳಲ್ಲ ನೋಡಿ, ಮುಂದೆ ಇದೇ ದಂಧೆಯಾಯಿತು.

1995ರ ಸೆಪ್ಟೆಂಬರಿನಲ್ಲಿ ಪುಕ್ಕಟೆ ಕಾಲ ಮುಗಿಯಿತು. ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಬಂತು. ಸಾಮಾನ್ಯ ಪದಗಳನ್ನು ಹಿಡಿದು ಕೂತವರಿಗೆ ಶುಕ್ರದೆಸೆ ಬಂದದ್ದು ಆಮೇಲೆ. ಬಿಸಿನೆಸ್ ಡಾಟ್ ಕಾಂ ಎಂಬ ಹೆಸರು 1997ರಲ್ಲಿ ಒಂದೂವರೆ ಲಕ್ಷ ಡಾಲರಿಗೆ ಮಾರಾಟವಾಯಿತು. ಎರಡೇ ವರ್ಷ, 1999ರಲ್ಲಿ ಅದೇ ಹೆಸರು 75 ಲಕ್ಷ ಡಾಲರಿಗೆ ಹೋಯಿತು. ಐವತ್ತು ಪಟ್ಟು! 2019ರಲ್ಲಿ ವಾಯ್ಸ್ ಡಾಟ್ ಕಾಂ ಎಂಬ ಹೆಸರು 3 ಕೋಟಿ ಡಾಲರಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಇನ್ನೂರು ಕೋಟಿ ರೂಪಾಯಿಗೂ ಮೇಲೆ ಹೋಯಿತು. ವಿಡಿಯೋದವರು ತೋರಿಸುವುದು ಇಂಥ ನಾಲ್ಕಾರು ಹೆಸರುಗಳನ್ನು.

ಅವರು ಹೇಳದೆ ಬಿಡುವ ಸಂಗತಿ ಒಂದಿದೆ. ಬಿಸಿನೆಸ್, ವಾಯ್ಸ್ ಇವೆಲ್ಲ ಊರ ನಡುವಿನ ಸರ್ಕಲ್ಲಿನ ಮೂಲೆ ನಿವೇಶನ ಇದ್ದ ಹಾಗೆ. ಇಂಗ್ಲಿಷಿನಲ್ಲಿ ಒಂದೇ ಪದ, ಎಲ್ಲರಿಗೂ ಗೊತ್ತಿರುವ ಪದ. ಅಂಥವೆಲ್ಲ ಮೂವತ್ತು ವರ್ಷದ ಹಿಂದೆಯೇ ಮುಗಿದುಹೋದವು. ಡಾಟ್ ಕಾಂ ಹೆಸರುಗಳೇ ಈಗ 15 ಕೋಟಿಗೂ ಮೀರಿವೆ. ಈಗ ಹೊಸದಾಗಿ ಸಾವಿರ ರೂಪಾಯಿಗೆ ಸಿಗುತ್ತದೆ ಅಂದರೆ ಅದು ಅಷ್ಟೂ ಜನ ನೋಡಿ ಬೇಡ ಅಂತ ಬಿಟ್ಟ ಹೆಸರು ಅಂತಲೇ ಅರ್ಥ. ಊರಾಚೆ ಹತ್ತು ಮೈಲಿ, ರಸ್ತೆಯಿಲ್ಲ, ನೀರಿಲ್ಲ, ಆದರೆ ಸೈಟು ಅಗ್ಗ!

ಮಾಲೀಕರಲ್ಲ, ಬಾಡಿಗೆದಾರರು

ಇನ್ನೊಂದು ಮಾತು. ಹೆಸರು ಕೊಂಡೆ ಅಂತಾರಲ್ಲ, ಅದು ಕ್ರಯವಲ್ಲ. ವರ್ಷ ವರ್ಷ ಕಟ್ಟಬೇಕಾದ ಬಾಡಿಗೆ. ಒಂದೇ ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ಕಟ್ಟಬಹುದು. ಕಟ್ಟುವುದು ಮರೆತರೆ ಡಾಟ್ ಕಾಂ ಹೆಸರಿಗೆ ಸಾಮಾನ್ಯವಾಗಿ ಕೆಲವು ದಿನ ಸಲಿಗೆ ಇರುತ್ತದೆ. ಆಮೇಲೆ 30 ದಿನ ದಂಡದ ಅವಧಿ. ಅದೂ ಮುಗಿದರೆ 5 ದಿನ ಬೀಗ. ಆರನೇ ದಿನ ಹೆಸರು ಬೀದಿಗೆ. ಬೀಳುವುದನ್ನೇ ಕಾಯುತ್ತ ಕೂತಿರುವ ಕಂಪ್ಯೂಟರುಗಳಿವೆ, ಒಳ್ಳೆಯ ಹೆಸರಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಸಿಕೊಂಡು ಹೋಗುತ್ತವೆ.

ದೊಡ್ಡವರೂ ಮರೆಯುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಕಟ್ಟಿದ ಹಾಟ್‌ಮೇಲ್ ಅನ್ನು ಮೈಕ್ರೋಸಾಫ್ಟ್ 1997ರ ಕೊನೆಯಲ್ಲಿ ಕೊಂಡದ್ದು ನಿಮಗೆ ನೆನಪಿರಬಹುದು. 1999ರ ಕ್ರಿಸ್‌ಮಸ್ ಹೊತ್ತಿಗೆ ಆ ಹಾಟ್‌ಮೇಲಿಗೆ ಜನ ಒಳಹೋಗುವ ದಾರಿಯೇ ಕೆಟ್ಟು ನಿಂತಿತು. ಕಾರಣ ಕೇಳಿದರೆ ನಗುತ್ತೀರಿ. ಪಾಸ್‌ಪೋರ್ಟ್ ಡಾಟ್ ಕಾಂ ಎಂಬ ಹೆಸರಿಗೆ ಕಂಪನಿ 35 ಡಾಲರ್ ಬಾಡಿಗೆ ಕಟ್ಟಲು ಮರೆತಿತ್ತು! ಕೊನೆಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತನ್ನ ಕೈಯಿಂದ ಕಟ್ಟಿ ಬಾಗಿಲು ತೆಗೆಸಿದ.

2015ರ ಸೆಪ್ಟೆಂಬರಿನಲ್ಲಿ ನಡೆದದ್ದು ಇದಕ್ಕಿಂತ ಮಜಾ. ಗುಜರಾತಿನ ಕಛ್ ಕಡೆಯ ಒಬ್ಬ ಯುವಕ ಅಮೆರಿಕದಲ್ಲಿ ಕೂತು ಹೆಸರುಗಳನ್ನು ಹುಡುಕುತ್ತಿದ್ದಾಗ ಗೂಗಲ್ ಡಾಟ್ ಕಾಂ ಎಂಬ ಹೆಸರೇ ಮಾರಾಟಕ್ಕಿದೆ ಅಂತ ತೋರಿಸಿತು. 12 ಡಾಲರ್ ಕಟ್ಟಿದ, ಒಂದು ನಿಮಿಷ ಜಗತ್ತಿನ ಅತಿ ದೊಡ್ಡ ಹೆಸರು ಅವನದಾಯಿತು! ಕೂಡಲೇ ಕಂಪನಿ ವಾಪಸು ಪಡೆಯಿತು. ಬಹುಮಾನವಾಗಿ 6,006 ಡಾಲರ್ 13 ಸೆಂಟ್ ಕೊಟ್ಟಿತು. ಆ ಅಂಕಿಗಳನ್ನು ಓರೆಗಣ್ಣಲ್ಲಿ ನೋಡಿದರೆ ಇಂಗ್ಲಿಷಿನಲ್ಲಿ ಗೂಗಲ್ ಅಂತಲೇ ಕಾಣುತ್ತದಂತೆ. ನನಗೆ ಬೇಡ, ದಾನಕ್ಕೆ ಕೊಡಿ ಅಂದಾಗ ಕಂಪನಿ ಮೊತ್ತವನ್ನು ಎರಡರಷ್ಟು ಮಾಡಿತು. ಹಣ ಹೋದದ್ದು ಆರ್ಟ್ ಆಫ್ ಲಿವಿಂಗ್ ಸಂಸ್ಥೆಯ ಮಕ್ಕಳ ಶಿಕ್ಷಣದ ಕೆಲಸಕ್ಕೆ. ಇದನ್ನು ನೋಡಿ ನಾವೂ ಹುಡುಕೋಣ ಅಂತ ಕೂರಬೇಡಿ. ಲಾಟರಿ ಹೊಡೆದವನನ್ನು ನೋಡಿ ಅಂಗಡಿ ಮುಚ್ಚಿದ ಹಾಗಾಗುತ್ತದೆ.

ನೂರು ಹೆಸರಿನ ಲೆಕ್ಕ

ಈಗ ಕಿರಾಣಿ ಅಂಗಡಿಯ ಲೆಕ್ಕ ಮಾಡೋಣ. ಒಬ್ಬ ಹುಡುಗ 100 ಹೆಸರು ಹಿಡಿದ ಅಂತಿಟ್ಟುಕೊಳ್ಳಿ. ಹೆಸರಿಗೆ ಸಾವಿರದಂತೆ ವರ್ಷಕ್ಕೆ ಒಂದು ಲಕ್ಷ. ಮೊದಲ ವರ್ಷ ರಿಯಾಯಿತಿ ಅಂತ 99ಕ್ಕೂ 199ಕ್ಕೂ ಕೊಡುವವರಿದ್ದಾರೆ, ಗಾಳ ಅದೇ. ಎರಡನೇ ವರ್ಷ ಪೂರ್ತಿ ದರ ಬೀಳುತ್ತದೆ.

ಈ ವ್ಯಾಪಾರದಲ್ಲಿ ಪಳಗಿದವರೇ ಹೇಳುವ ಮಾತು ಏನೆಂದರೆ, ಒಳ್ಳೆಯ ಹೆಸರುಗಳನ್ನು ಇಟ್ಟುಕೊಂಡವನಿಗೂ ವರ್ಷಕ್ಕೆ ನೂರಕ್ಕೆ ಒಂದೋ ಎರಡೋ ಮಾರಾಟವಾದರೆ ಹೆಚ್ಚು. ಎರಡು ಅಂತಲೇ ಹಿಡಿಯಿರಿ. ವರ್ಷದ ಒಂದು ಲಕ್ಷ ಹುಟ್ಟಬೇಕಾದರೆ ಒಂದೊಂದೂ ಕೈಗೆ 50,000 ತರಬೇಕು. ನಡುವೆ ದಲ್ಲಾಳಿ ತಾಣಗಳಿವೆ, ನೂರಕ್ಕೆ 10ರಿಂದ 25ರವರೆಗೆ ಕಮಿಷನ್ ಹಿಡಿಯುತ್ತವೆ. 20 ಹಿಡಿದರೂ ಹೆಸರೊಂದು 62,500ಕ್ಕೆ ಹೋಗಬೇಕು. ಹಾಗೆ ಹೋದರೂ ಲಾಭವೆಷ್ಟು? ಸೊನ್ನೆ! ಅಸಲು ಬಂತು ಅಷ್ಟೆ. ಒಂದೇ ಮಾರಾಟವಾದರೆ ಅಸಲಿಗೇ ಮೋಸ. ಒಂದೂ ಆಗದಿದ್ದರೆ ಐದು ವರ್ಷಕ್ಕೆ ಐದು ಲಕ್ಷ ಗಾಳಿಗೆ.

ಕೊಳ್ಳುವವರು ಯಾರು ಅಂತಲೂ ಕೇಳಿಕೊಳ್ಳಿ. ನಮ್ಮೂರ ಹೆಸರಿನ ಮುಂದೆ ಬೇಕರಿ, ಹಾರ್ಡ್‌ವೇರ್, ಟೈಲರ್ ಅಂತ ಸೇರಿಸಿ ಹೆಸರು ಹಿಡಿದವರಿದ್ದಾರೆ. ಆದರೆ ಬೇಕರಿಯವನ ಗಿರಾಕಿ ಅವನನ್ನು ಹುಡುಕುವುದು ಮೊಬೈಲ್ ನಕ್ಷೆಯಲ್ಲಿ, ಆರ್ಡರ್ ಕೊಡುವುದು ವಾಟ್ಸಪ್ಪಿನಲ್ಲಿ. ಅವನಿಗೆ ಆ ಹೆಸರು ಬೇಕೇ ಆದರೆ ಪಕ್ಕದ ಸ್ಪೆಲಿಂಗು ಸಾವಿರಕ್ಕೆ ಸಿಗುತ್ತದೆ. 62,500 ಯಾಕೆ ಕೊಟ್ಟಾನು? ಅಷ್ಟಕ್ಕೆ ಒಂದು ಹೊಸ ಫ್ರಿಜ್ ಬರುತ್ತದೆ.

ಹಾಗಾದರೆ ದುಡ್ಡು ಮಾಡಿದವರು ಯಾರು? ಹೆಸರು ಮಾರುವ ಮೂಲದವರು! ಡಾಟ್ ಕಾಂ ಪಟ್ಟಿಯನ್ನು ನೋಡಿಕೊಳ್ಳುವ ವೆರಿಸೈನ್ ಕಂಪನಿ 2007ಕ್ಕೆ ಮೊದಲು ಹೆಸರಿಗೆ ವರ್ಷಕ್ಕೆ 6 ಡಾಲರ್ ಸಗಟು ದರ ತೆಗೆದುಕೊಳ್ಳುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಅದು 10 ಡಾಲರ್ 26 ಸೆಂಟಿಗೆ ಏರಿತು. ನಿಮ್ಮ ಹೆಸರು ಮಾರಾಟವಾಗಲಿ ಬಿಡಲಿ, ಅವರ ಬಾಡಿಗೆ ತಪ್ಪುವುದಿಲ್ಲ. ಪೆಸಿಫಿಕ್ ಸಾಗರದ ನಡುವೆ ತುವಾಲು ಎಂಬ ಪುಟ್ಟ ದೇಶವಿದೆ, ಒಟ್ಟು 26 ಚದರ ಕಿಲೋಮೀಟರ್, ನಮ್ಮ ಒಂದು ಹೋಬಳಿಗಿಂತ ಚಿಕ್ಕದು. ಅದರ ಪಾಲಿಗೆ ಬಂದ ಅಕ್ಷರ ಡಾಟ್ ಟಿವಿ! ಟೆಲಿವಿಷನ್ನಿನವರೆಲ್ಲ ಮುಗಿಬಿದ್ದರು. ಆ ಹಣದ ಬಲದಿಂದಲೇ ತುವಾಲು 2000ದ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ಕೆರಿಬಿಯನ್ ಕಡೆಯ ಅಂಗ್ವಿಲಾ ದ್ವೀಪಕ್ಕೆ ಡಾಟ್ ಎಐ ಬಂದಿತ್ತು. ಕೃತಕ ಬುದ್ಧಿಮತ್ತೆಯ ಭರಾಟೆ ಶುರುವಾದದ್ದೇ ತಡ, 2023ರಲ್ಲಿ ಆ ದ್ವೀಪಕ್ಕೆ ಹೆಸರಿನಿಂದಲೇ ಸುಮಾರು 3 ಕೋಟಿ 20 ಲಕ್ಷ ಡಾಲರ್ ಬಂತು. ಸರ್ಕಾರದ ಆದಾಯದಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು! ಜಾತ್ರೆಯಲ್ಲಿ ಅಂಗಡಿಯವನಿಗೆ ವ್ಯಾಪಾರವಾಗದಿದ್ದರೂ ನೆಲಬಾಡಿಗೆ ವಸೂಲಿ ಮಾಡುವವನಿಗೆ ನಷ್ಟವಿಲ್ಲ ಅಂತ ಹಿರಿಯರು ಹೇಳುವುದು ಇದನ್ನೇ.

ಇನ್ನೊಬ್ಬರ ಹೆಸರು ಹಿಡಿದರೆ?

ಸಾಮಾನ್ಯ ಪದಗಳು ಸಿಗದಿದ್ದಾಗ ಕೆಲವರಿಗೆ ಹೊಳೆಯುವ ಅಡ್ಡದಾರಿ ಇದು. ಹೆಸರುವಾಸಿ ಕಂಪನಿಯ ಹೆಸರನ್ನೋ ಅದಕ್ಕೆ ಹತ್ತಿರದ ಸ್ಪೆಲಿಂಗನ್ನೋ ಹಿಡಿದು ಕೂರುವುದು, ಅವರು ಬಂದಾಗ ಬೆಲೆ ಹೇಳುವುದು. ಒಂದು ಕಾಲದಲ್ಲಿ ನಡೆಯಿತು. ಈಗ ನಡೆಯುವುದಿಲ್ಲ ಸ್ವಾಮಿ.

ನಮ್ಮ ದೇಶದಲ್ಲಿ ಮೊದಲ ದೊಡ್ಡ ತೀರ್ಪು ಬಂದದ್ದು 1999ರ ಫೆಬ್ರವರಿಯಲ್ಲಿ, ದೆಹಲಿ ಹೈಕೋರ್ಟಿನಿಂದ. ಯಾಹೂ ಇಂಡಿಯಾ ಎಂಬ ಹೆಸರು ಹಿಡಿದವರ ಮೇಲೆ ಅಮೆರಿಕದ ಯಾಹೂ ಕಂಪನಿ ದಾವೆ ಹೂಡಿತ್ತು. ಇಂಟರ್‌ನೆಟ್ ಬಳಸುವವರು ಓದಿದ ಜಾಣರು, ಅವರು ಮೋಸಹೋಗುವುದಿಲ್ಲ ಅಂತ ಎದುರುಪಕ್ಷ ವಾದಿಸಿತು. ಕೋರ್ಟು ಒಪ್ಪಲಿಲ್ಲ. ಹೆಸರು ಬಳಸದಂತೆ ತಡೆ ಕೊಟ್ಟಿತು.

ನಂತರದ ದೊಡ್ಡ ಕೇಸು ನಮ್ಮ ಬೆಂಗಳೂರಿನಿಂದಲೇ ಹೋದದ್ದು. ಸತ್ಯಂ ಇನ್ಫೋವೇ ಎಂಬ ಕಂಪನಿ 1999ರಲ್ಲೇ ಸಿಫಿ ಎಂಬ ಪದ ಸೇರಿದ ಹೆಸರುಗಳನ್ನು ಹಿಡಿದಿತ್ತು. ಇನ್ನೊಂದು ಕಂಪನಿ ಒಂದು ಎಫ್ ಹೆಚ್ಚಿಗೆ ಸೇರಿಸಿ ಅಂಥದೇ ಹೆಸರು ಇಟ್ಟುಕೊಂಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟು ಅದನ್ನು ತಳ್ಳಿಹಾಕಿತು. ಮೊಕದ್ದಮೆ ದೆಹಲಿಗೆ ಹೋಯಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸತ್ಯಂ ಪರ ತೀರ್ಪಿತ್ತಿತು. ಇಂಟರ್‌ನೆಟ್ ಹೆಸರಿಗೂ ಟ್ರೇಡ್‌ಮಾರ್ಕಿನಷ್ಟೇ ರಕ್ಷಣೆ ಉಂಟು, ಒಬ್ಬರ ಹೆಸರಿನ ನೆರಳಿನಲ್ಲಿ ಇನ್ನೊಬ್ಬರು ವ್ಯಾಪಾರ ಮಾಡುವ ಹಾಗಿಲ್ಲ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು. ಒಂದು ಎಫ್ ಅಕ್ಷರಕ್ಕೆ ಮೂರು ಕೋರ್ಟು!

ಕೋರ್ಟಿಗೆ ಹೋಗದೆಯೂ ಹೆಸರು ಕಿತ್ತುಕೊಳ್ಳುವ ವ್ಯವಸ್ಥೆ ಈಗಿದೆ. ಡಾಟ್ ಕಾಂ ಥರದವಕ್ಕೆ 1999ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ ನಿಯಮ ಬಂತು. ಅದರಡಿ ತೀರ್ಪಾದ ಮೊದಲ ಕೇಸು ಕುಸ್ತಿಯವರದು. ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಎಂಬ ಹೆಸರನ್ನು 100 ಡಾಲರಿಗೆ ಹಿಡಿದ ಕ್ಯಾಲಿಫೋರ್ನಿಯಾದ ಒಬ್ಬಾತ 1,000 ಡಾಲರಿಗೆ ಅವರಿಗೇ ಮಾರಲು ಹೋದ. 2000ದ ಜನವರಿಯಲ್ಲಿ ಹೆಸರು ಹೋಯಿತು, ಸಾವಿರ ಬರಲಿಲ್ಲ. ಮಾರಲು ಹೋದದ್ದೇ ಅವನಿಗೆ ಮುಳುವಾಯಿತು! ನಮ್ಮ ಡಾಟ್ ಇನ್ ಹೆಸರುಗಳಿಗೂ ಇಂಥದೇ ಪಂಚಾಯ್ತಿ ಇದೆ, ಅದನ್ನು ನಡೆಸುವುದು ನಿಕ್ಸಿ ಎಂಬ ಸಂಸ್ಥೆ.

ಇಷ್ಟಾದರೂ ಆಸೆ ಬಿಟ್ಟಿಲ್ಲ. 2024ರ ಅಕ್ಟೋಬರಿನಲ್ಲಿ ದೇಶವೆಲ್ಲ ಮಾತಾಡಿದ ಸಂಗತಿ ನೆನಪಿಸಿಕೊಳ್ಳಿ. ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗಬಹುದು ಅಂತ 2023ರಲ್ಲೇ ಊಹಿಸಿ ದೆಹಲಿಯ ಒಬ್ಬ ಹುಡುಗ ಎರಡೂ ಸೇರಿಸಿದ ಹೆಸರನ್ನು ಹಿಡಿದಿದ್ದ. ಊಹೆ ಸರಿಯಾಯಿತು. ನನ್ನ ಕೇಂಬ್ರಿಜ್ ಓದಿನ ಖರ್ಚು ಕೊಟ್ಟರೆ ಬಿಟ್ಟುಕೊಡುತ್ತೇನೆ ಅಂತ ಬಹಿರಂಗವಾಗಿ ಕೇಳಿದ. ರಿಲಯನ್ಸ್ ಒಪ್ಪಲಿಲ್ಲ, ಕಾನೂನಿನ ಮಾತು ಬಂತು. ಕೊನೆಗೆ ದುಬೈಯಲ್ಲಿರುವ ಅಣ್ಣ ತಂಗಿ ಇಬ್ಬರು ಮಕ್ಕಳು ಹುಡುಗನಿಗೆ ನೆರವಾಗಲೆಂದು ಹೆಸರು ಕೊಂಡು, ಕಂಪನಿಗೆ ಪುಕ್ಕಟೆ ಕೊಡುತ್ತೇವೆ ಅಂದರು. 2025ರ ಫೆಬ್ರವರಿ 14ರಂದು ಜಿಯೋಹಾಟ್‌ಸ್ಟಾರ್ ಶುರುವಾಯಿತು. ಹುಡುಗನ ಜಾಣತನಕ್ಕೆ ಶಹಬ್ಬಾಸ್ ಎನ್ನೋಣ. ಆದರೆ ಬೇರೆಯವರ ಹೆಸರಿನ ಮೇಲೆ ಕಟ್ಟಿದ ಕನಸಿಗೆ ಕಾನೂನಿನ ಕಾಲಿಲ್ಲ.

ಅಂಗಡಿಯವರು ಮಾಡಬೇಕಾದ್ದು

ಲಾಭದ ಮಾತು ಬಿಡಿ, ನಷ್ಟ ತಪ್ಪಿಸಿಕೊಳ್ಳುವ ಮಾತು ಕೇಳಿ. ನಿಮ್ಮ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಹೆಸರನ್ನು ಯಾರ ಹೆಸರಲ್ಲಿ ನೋಂದಾಯಿಸಿದ್ದಾನೆ? ತನ್ನ ಇಮೇಲು, ತನ್ನ ಮೊಬೈಲು ಕೊಟ್ಟಿದ್ದರೆ ಪಟ್ಟಿಯ ಪ್ರಕಾರ ಮಾಲೀಕ ಅವನೇ. ನಾಳೆ ಅವನು ಊರು ಬಿಟ್ಟರೆ, ಜಗಳವಾದರೆ, ಬಾಡಿಗೆ ಕಟ್ಟದಿದ್ದರೆ ಬೋರ್ಡು ನಿಮ್ಮದು, ಬೀಗದ ಕೈ ಅವನದು. ಇವತ್ತೇ ಕೇಳಿ, ನಿಮ್ಮ ಇಮೇಲಿಗೆ, ನಿಮ್ಮ ನಂಬರಿಗೆ ಬದಲಾಯಿಸಿಕೊಳ್ಳಿ. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಟ್ಟರೆ ಮರೆವಿನ ಭಯವೂ ಇಲ್ಲ.

ಸ್ಪೆಲಿಂಗಿನ ತಾಪತ್ರಯ ನಮಗೆ ವಿಶೇಷ. ಶ್ರೀ ಎಂಬ ಒಂದಕ್ಷರವನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತೇವೆ. ಲಕ್ಷ್ಮಿಗೆ ಎರಡು ಥರ. 2014ರ ನವೆಂಬರ್ 1ರಂದು ಮೈಸೂರು, ಶಿವಮೊಗ್ಗ, ಬಳ್ಳಾರಿ ಸೇರಿ 12 ಊರುಗಳ ಇಂಗ್ಲಿಷ್ ಬರವಣಿಗೆ ಬದಲಾದ ಮೇಲೆ ಊರಿಗೂ ಎರಡೆರಡು ಸ್ಪೆಲಿಂಗು ಚಾಲ್ತಿಯಲ್ಲಿದೆ. ಶ್ರೀ ಲಕ್ಷ್ಮಿ ಸ್ಟೋರ್ಸ್, ಮೈಸೂರು ಅಂದರೆ ಮೂರು ಎರಡಲ ಆರು, ಆರು ಎರಡಲ ಹನ್ನೆರಡು ಹೆಸರು! ಹನ್ನೆರಡೂ ಹಿಡಿಯಬೇಕಿಲ್ಲ. ಬೋರ್ಡಿನಲ್ಲಿ, ಬಿಲ್ಲಿನಲ್ಲಿ ಯಾವ ಸ್ಪೆಲಿಂಗು ಇದೆಯೋ ಅದನ್ನೊಂದು ಹಿಡಿಯಿರಿ, ಎಲ್ಲ ಕಡೆ ಅದನ್ನೇ ಬರೆಸಿ. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಅಂತ ಹೆಸರು ಇಡುವ ವ್ಯವಸ್ಥೆಯೂ ಬಂದಿದೆ, ಅಲ್ಲಿ ಸ್ಪೆಲಿಂಗಿನ ಕಾಟವಿಲ್ಲ.

ಇನ್ನು ಮೋಸದ ಪತ್ರಗಳು. ಚೀನಾದಲ್ಲಿ ಯಾರೋ ನಿಮ್ಮ ಹೆಸರು ಹಿಡಿಯುತ್ತಿದ್ದಾರೆ, ತಕ್ಷಣ ಹಣ ಕಟ್ಟಿ ಕಾಪಾಡಿಕೊಳ್ಳಿ ಅಂತ ಒಂದು ಇಮೇಲು ಬರುತ್ತದೆ. ನಿಮ್ಮ ಹೆಸರಿಗೆ ಲಕ್ಷಗಟ್ಟಲೆ ಕೊಡುವ ಗಿರಾಕಿ ಸಿದ್ಧನಿದ್ದಾನೆ, ಮೊದಲು ಬೆಲೆಕಟ್ಟಿದ ಸರ್ಟಿಫಿಕೇಟು ಮಾಡಿಸಿ ಅಂತ ಇನ್ನೊಂದು ಬರುತ್ತದೆ. ಸರ್ಟಿಫಿಕೇಟಿಗೆ ಹಣ ಕಟ್ಟಿದ ಮೇಲೆ ಗಿರಾಕಿ ಮಾಯ! ಕೊಳ್ಳುವವನು ಹಣ ಕೊಡಬೇಕೇ ಹೊರತು ಮಾರುವವನು ಮೊದಲು ಬಿಚ್ಚುವ ವ್ಯಾಪಾರ ಯಾವ ಸಂತೆಯಲ್ಲೂ ಇಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಬ್ಯಾಂಕಿನ ವಿಷಯದಲ್ಲೂ ಕಣ್ಣಿರಲಿ. ಬ್ಯಾಂಕಿನ ಹೆಸರಿಗೆ ಹೋಲುವ ಹೆಸರು ಹಿಡಿದು ಜನರ ಪಾಸ್‌ವರ್ಡ್ ಕದಿಯುವವರು ಹೆಚ್ಚಿದ್ದರಿಂದ ರಿಸರ್ವ್ ಬ್ಯಾಂಕ್ ಒಂದು ಕ್ರಮ ತಂದಿತು. ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ಕೊನೆಯಿರುವ ಹೆಸರಿಗೆ ಬದಲಾಗಬೇಕೆಂದು ಅಪ್ಪಣೆ ಮಾಡಿತು. ಆ ಹೆಸರು ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಲಿಂಕ್ ಒತ್ತುವ ಮುಂಚೆ ಬಾಲ ನೋಡುವುದು ಒಳ್ಳೆಯದು.

ಹೆಸರಿನ ವ್ಯಾಪಾರವೇ ಕೆಟ್ಟದ್ದು ಅಂತ ಯಾರೂ ಹೇಳುತ್ತಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರು, ಅಂತರರಾಷ್ಟ್ರೀಯ ಮಾರಾಟದ ದರ ದಿನಾ ನೋಡುವವರು, ಹೋದರೂ ಮನೆ ನಡೆಯುವಷ್ಟು ದುಡ್ಡಿರುವವರು ಹತ್ತಿಪ್ಪತ್ತು ಹೆಸರು ಇಟ್ಟುಕೊಂಡು ಆಡಿಕೊಳ್ಳಲಿ, ನಮ್ಮ ತಕರಾರಿಲ್ಲ. ಆದರೆ ಸಂಬಳದ ಹಣ, ಅಂಗಡಿಯ ಬಂಡವಾಳ, ಹೆಂಡತಿಯ ಬಳೆ ಅಡವಿಟ್ಟ ಹಣ ತಂದು ಸುರಿಯುವ ಜಾಗ ಇದಲ್ಲ. ವಿಡಿಯೋ ಮಾಡಿ ಪಾಠ ಹೇಳುವವನಿಗೆ ಹೆಸರು ಮಾರಿ ಕೋಟಿ ಬರುವುದಾದರೆ ಅವನು ನಿಮಗೆ 999 ರೂಪಾಯಿಯ ಪಾಠ ಯಾಕೆ ಮಾರುತ್ತಿದ್ದ ಅಂತ ಒಮ್ಮೆ ಯೋಚಿಸಿ.

ನಿಮ್ಮ ಅಂಗಡಿಯ ಹೆಸರಿಗೆ ನಿಜವಾದ ಬೆಲೆ ಬರುವುದು ತೂಕ ಸರಿಯಾಗಿದ್ದಾಗ, ಹೇಳಿದ ದಿನಕ್ಕೆ ಸಾಮಾನು ಕೊಟ್ಟಾಗ. ಅದನ್ನು ಗಳಿಸಿ. ಗಳಿಸಿದ ಮೇಲೆ ವರ್ಷಕ್ಕೆ ಸಾವಿರ ರೂಪಾಯಿ ಕಟ್ಟಿ ಕಾಪಾಡಿಕೊಳ್ಳಿ!